ಎರಡು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ

(ಬೇ ಏರಿಯಾದ ಕನ್ನಡ ಪೋಷಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಈ ಸಭೆಯಲ್ಲಿ ಕುಳಿತಿರುವ ತಂದೆ ತಾಯಂದಿರಲ್ಲಿ ಬಹುಮಂದಿ ಪಿಯುಸಿ ಅಂಕ, ಸಿಇಟಿ ರ‍್ಯಾಂಕ್ ಮತ್ತು ಸೀಟು ಹಂಚಿಕೆ, ಇಷ್ಟರಲ್ಲೇ ತಮ್ಮ ಓದಿನ ದಿಕ್ಕು ನಿಶ್ಚಯವಾದದ್ದನ್ನು ಕಂಡವರು. ಹದಿನೆಂಟನೆಯ ವಯಸ್ಸಿನಲ್ಲಿ ಸೇರಿದ ಕಾಲೇಜೇ ಕೊನೆಯವರೆಗೆ ಎಂಬ ನಂಬಿಕೆ ನಮಗೆ ರಕ್ತಗತವಾಗಿದೆ. ಅದೇ ನಂಬಿಕೆಯನ್ನು ಹೊತ್ತು ಕ್ಯುಪರ್ಟಿನೊ, ಸನ್ನಿವೇಲ್, ಫ್ರೀಮಾಂಟ್‌ಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ, ಮನೆಯಿಂದ ಹತ್ತು ನಿಮಿಷದ ದೂರದಲ್ಲಿರುವ, ಪದವಿಯ ಮೊದಲೆರಡು ವರ್ಷಗಳ ಪಾಠ ನಡೆಯುವ ಕಮ್ಯುನಿಟಿ ಕಾಲೇಜನ್ನು ಎಲ್ಲಿಟ್ಟು ನೋಡಬೇಕೆಂಬುದು ತಿಳಿಯುವುದಿಲ್ಲ. ಕೆಲವರಿಗೆ ಅದು ಸೋತವರ ತಾಣ. ಇನ್ನು ಕೆಲವರಿಗೆ ಬರ್ಕ್ಲಿಗೆ ಹೋಗುವ ಅಗ್ಗದ ಒಳದಾರಿ. ಎರಡೂ ಸರಿಯಲ್ಲ. ಈ ಮಾರ್ಗವನ್ನು ರಾಜ್ಯವೇ ಯೋಚಿಸಿ ಕಟ್ಟಿದ್ದು, ಅದರ ಮೂಲಕ ಹೋದವರು ಚೆನ್ನಾಗಿಯೇ ಮುಗಿಸುತ್ತಾರೆ. ಆದರೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟುವುದರ ಬಹುಪಾಲು ತೀರ್ಮಾನವು ಎರಡನೆಯ ವರ್ಷ ಅರ್ಜಿ ತುಂಬುವ ಹೊತ್ತಿಗಿಂತ ಬಹಳ ಮುಂಚೆ, ಮೊದಲ ಅವಧಿಯಲ್ಲಿ ಆಯ್ದುಕೊಂಡ ನಾಲ್ಕಾರು ಕೋರ್ಸುಗಳಲ್ಲೇ ಆಗಿಬಿಟ್ಟಿರುತ್ತದೆ. ಇಂದಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಚರಿತ್ರೆಯಿಂದ ತೊಡಗುತ್ತೇನೆ, ಏಕೆಂದರೆ ಇಂದಿನ ನಿಯಮಗಳ ತರ್ಕ ಅಲ್ಲಿದೆ. ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದದ್ದು. ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಅವರಿಗೆ ಪದವಿಯ ಮೊದಲೆರಡು ವರ್ಷಗಳ ಪಾಠ ಊರಿನಲ್ಲೇ ಆಗಬಹುದು, ವಿಶ್ವವಿದ್ಯಾಲಯವು ಮೇಲಿನ ಓದಿಗೂ ಸಂಶೋಧನೆಗೂ ಮೀಸಲಾಗಬಹುದು ಎಂಬ ಆಲೋಚನೆ ಇತ್ತು. ಅಂದರೆ ಹುಟ್ಟಿದ ಗಳಿಗೆಯಿಂದಲೂ ಈ ಕಾಲೇಜು ಇನ್ನೊಂದು ಸಂಸ್ಥೆಯ ಮೊದಲರ್ಧವೇ ಆಗಿತ್ತು. ಕ್ಯಾಲಿಫೋರ್ನಿಯಾ 1907ರಲ್ಲಿ ಪ್ರೌಢಶಾಲೆಗಳು ಕಾಲೇಜಿನ ಮೊದಲೆರಡು ವರ್ಷಗಳ ಪಾಠವನ್ನೂ ನಡೆಸಬಹುದೆಂದು ಕಾನೂನು ಮಾಡಿತು. 1910ರಲ್ಲಿ ಫ್ರೆಸ್ನೊ ಅದನ್ನು ಮೊದಲು ಬಳಸಿಕೊಂಡಿತು.

ನಿಜವಾದ ತಿರುವು 1960ರದು. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳ ದೊಡ್ಡ ಅಲೆ ಕಾಲೇಜಿನ ಬಾಗಿಲಿಗೆ ಬರುತ್ತಿದ್ದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) ಅಧ್ಯಕ್ಷ ಕ್ಲಾರ್ಕ್ ಕೆರ್ ಅವರ ಮುಂದಾಳುತನದಲ್ಲಿ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನ್ ಸಿದ್ಧವಾಯಿತು. ಗವರ್ನರ್ ಪ್ಯಾಟ್ ಬ್ರೌನ್ ಅದರ ಕಾನೂನಿಗೆ ಅಂಕಿತ ಹಾಕಿದರು. ಅಲ್ಲಿಯವರೆಗೆ ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಸುಮಾರು ಶೇ. 15ರಷ್ಟು ಮಂದಿಗೆ ತೆರೆದಿದ್ದ ಯುಸಿ ಇನ್ನು ಮುಂದೆ ಎಂಟರಲ್ಲೊಂದು ಭಾಗಕ್ಕೆ, ಸುಮಾರು ಅರ್ಧದಷ್ಟು ಮಂದಿಗೆ ತೆರೆದಿದ್ದ ರಾಜ್ಯ ಕಾಲೇಜುಗಳು (ಇಂದಿನ ಕ್ಯಾಲ್ ಸ್ಟೇಟ್) ಮೂರರಲ್ಲೊಂದು ಭಾಗಕ್ಕೆ ಸೀಮಿತವಾದವು. ಉಳಿದವರೆಲ್ಲರಿಗೂ, ಕಲಿತು ಪ್ರಯೋಜನ ಪಡೆಯಬಲ್ಲ ಯಾರಿಗೇ ಆದರೂ, ಆಗ ಜೂನಿಯರ್ ಕಾಲೇಜು ಎಂದು ಕರೆಸಿಕೊಳ್ಳುತ್ತಿದ್ದ ಕಮ್ಯುನಿಟಿ ಕಾಲೇಜು. ಈ ಯೋಜನೆಯನ್ನು ಹೊಗಳುವವರು ಎಲ್ಲರಿಗೂ ಬಾಗಿಲು ತೆರೆದದ್ದನ್ನು ಹೇಳುತ್ತಾರೆಯೇ ಹೊರತು, ಮೇಲಿನ ಎರಡು ಬಾಗಿಲುಗಳನ್ನು ಅದೇ ಕೈ ಕಿರಿದು ಮಾಡಿದ್ದನ್ನು ಹೇಳುವುದಿಲ್ಲ. ಕೆಳವರ್ಷಗಳ ಓದನ್ನು ಅಗ್ಗದ ಕಾಲೇಜುಗಳಿಗೆ ತಳ್ಳಿ ಹಣ ಉಳಿಸುವುದು ಅದರ ಒಂದು ಉದ್ದೇಶವಾಗಿತ್ತು. ಹಾಗೆ ಕಿರಿದು ಮಾಡಿದ್ದಕ್ಕೆ ಪ್ರತಿಯಾಗಿ ಕೊಟ್ಟ ಮಾತೇ ಟ್ರಾನ್ಸ್‌ಫರ್, ಅಂದರೆ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ದಾಟುವುದು. ವಿಶ್ವವಿದ್ಯಾಲಯಗಳು ತಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಮೇಲಿನ ಎರಡು ವರ್ಷದವರನ್ನು ಶೇ. 60ರಷ್ಟು, ಕೆಳಗಿನವರನ್ನು ಶೇ. 40ರಷ್ಟು ಇಟ್ಟುಕೊಳ್ಳಬೇಕು, ಆ ವ್ಯತ್ಯಾಸದ ಜಾಗದಲ್ಲಿ ಕಮ್ಯುನಿಟಿ ಕಾಲೇಜಿನವರು ಬಂದು ಕೂರಬೇಕು ಎಂಬುದು ಲೆಕ್ಕ. ಇಂದು ಯುಸಿ ಇಟ್ಟುಕೊಂಡಿರುವ ಗುರಿಯೂ ಅದರದೇ ಮುಂದುವರಿಕೆ: ನೇರವಾಗಿ ಸೇರುವ ಇಬ್ಬರಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿ. ಯುಸಿಗೆ ಹೀಗೆ ಬರುವವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಇದೇ ರಾಜ್ಯದ ಕಮ್ಯುನಿಟಿ ಕಾಲೇಜಿನವರು. ಆದ್ದರಿಂದ ನಮ್ಮ ಸುತ್ತಲಿನ ಕಮ್ಯುನಿಟಿ ಕಾಲೇಜುಗಳಾದ ಡಿ ಆಂಜಾದಿಂದಲೊ ಓಲೋನಿಯಿಂದಲೊ ಯುಸಿಯ ಡೇವಿಸ್ ಕ್ಯಾಂಪಸ್‌ಗೆ ಹೋಗುವ ವಿದ್ಯಾರ್ಥಿ ಯಾರ ಕೃಪೆಯಿಂದಲೂ ಹೋಗುತ್ತಿಲ್ಲ. 1960ರಲ್ಲೇ ತನಗಾಗಿ ಕಾದಿರಿಸಿದ ಜಾಗಕ್ಕೆ ಹೋಗುತ್ತಿದ್ದಾನೆ.

ಆ ಮಾತು ಎಷ್ಟರಮಟ್ಟಿಗೆ ನಡೆದಿದೆ? ದಾಟಿದವರನ್ನು ನೋಡಿದರೆ ಫಲ ಚೆನ್ನಾಗಿದೆ: ಯುಸಿಗೆ ಟ್ರಾನ್ಸ್‌ಫರ್ ಆಗಿ ಬಂದವರು ನೇರವಾಗಿ ಸೇರಿದವರಿಗೆ ಸರಿಸಮವಾಗಿ ಪದವಿ ಮುಗಿಸುತ್ತಾರೆ. ದಾಟದವರನ್ನು ನೋಡಿದರೆ ಚಿತ್ರ ಬೇರೆ. ರಾಜ್ಯದ ಲೆಕ್ಕ ತಪಾಸಣಾಧಿಕಾರಿಯ 2024ರ ವರದಿಯ ಪ್ರಕಾರ, 2017ರಿಂದ 2019ರ ನಡುವೆ ಟ್ರಾನ್ಸ್‌ಫರ್ ಉದ್ದೇಶದಿಂದಲೇ ಕಮ್ಯುನಿಟಿ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷಗಳೊಳಗೆ ದಾಟಿದವರು ಸುಮಾರು ಶೇ. 21 ಮಾತ್ರ. ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳಲ್ಲಿ, ಸೆಂಟ್ರಲ್ ವ್ಯಾಲಿಯಂಥ ಪ್ರದೇಶಗಳಲ್ಲಿ ಪ್ರಮಾಣ ಇನ್ನೂ ಕಡಿಮೆ. ಇದಕ್ಕೆ ಬಡತನ, ಕೆಲಸದ ಹೊರೆ, ಮನೆಯ ಜವಾಬ್ದಾರಿ ಎಲ್ಲವೂ ಕಾರಣವೆಂಬುದು ನಿಜ. ಆದರೆ ವ್ಯವಸ್ಥೆಯೂ ತನ್ನ ಪಾಲಿನ ತಪ್ಪನ್ನು ಮಾಡಿದೆ. ಒಂದು ಸಂಸ್ಥೆಯಲ್ಲಿ ಓದಿದ್ದು ಇನ್ನೊಂದರಲ್ಲಿ ಲೆಕ್ಕಕ್ಕೆ ಬರದೆ ಹೋಗುವುದು ಈ ದೇಶದ ಹಳೆಯ ರೋಗ. ದೇಶದಾದ್ಯಂತ ಕಾಲೇಜು ಬದಲಿಸಿದವರು ತಮ್ಮ ಕ್ರೆಡಿಟ್‌ಗಳಲ್ಲಿ ಅಂದಾಜು ಶೇ. 43ರಷ್ಟನ್ನು ಕಳೆದುಕೊಳ್ಳುತ್ತಾರೆಂದು ಕೇಂದ್ರ ಸರ್ಕಾರದ ಉತ್ತರದಾಯಿತ್ವ ಕಚೇರಿಯೇ 2017ರಲ್ಲಿ ಲೆಕ್ಕ ಹಾಕಿತ್ತು.

ಮರ್ಯಾದೆಯ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಮಾನವ ಜೀನೋಮ್ ಓದುವ ಸ್ಪರ್ಧೆಯಲ್ಲಿ ಹೆಸರಾದ ಕ್ರೇಗ್ ವೆಂಟರ್ ಪ್ರೌಢಶಾಲೆಯಲ್ಲಿ ಹೇಳಿಕೊಳ್ಳುವಂಥ ವಿದ್ಯಾರ್ಥಿಯಾಗಿರಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿ ಇಲ್ಲೇ ಕಾಲೇಜ್ ಆಫ್ ಸ್ಯಾನ್ ಮಟೇಯೊ ಸೇರಿ, ಅಲ್ಲಿಂದ ಯುಸಿ ಸ್ಯಾನ್ ಡಿಯೇಗೊಗೆ ದಾಟಿದರು. ನಟ ಟಾಮ್ ಹ್ಯಾಂಕ್ಸ್ ಹೇವರ್ಡ್‌ನ ಶಬೊ ಕಾಲೇಜಿನಿಂದ ಸ್ಯಾಕ್ರಮೆಂಟೊ ಸ್ಟೇಟ್‌ಗೆ ಹೋದವರು. ಪದವಿ ಪತ್ರದಲ್ಲಿ ಕೊನೆಗೆ ಓದಿದ ವಿಶ್ವವಿದ್ಯಾಲಯದ ಹೆಸರಷ್ಟೇ ಇರುತ್ತದೆ. ಮದುವೆ ಮನೆಯಲ್ಲೊ ರಾಜ್ಯೋತ್ಸವದ ಊಟದ ಸಾಲಿನಲ್ಲೊ ಯಾರಾದರೂ ನಿಮ್ಮ ಮಗಳು ಎಲ್ಲಿ ಓದುತ್ತಿದ್ದಾಳೆಂದು ಕೇಳಿದಾಗ ಡಿ ಆಂಜಾ ಎನ್ನಲು ತಡವರಿಸುವ ಪೋಷಕರನ್ನು ನಾನು ಬಲ್ಲೆ. ಆ ತಡವರಿಕೆ ಮಗುವಿನ ಕಿವಿಗೆ ಬೀಳುತ್ತದೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಈಗ ವಿಷಯದ ಒಳಗೆ ಬರೋಣ. ಕರ್ನಾಟಕದಲ್ಲೂ ಇದಕ್ಕೆ ಹತ್ತಿರದ ಒಂದು ಮಾರ್ಗವಿದೆ: ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು, ಇಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರಿಗೆ ನೇರವಾಗಿ ಸೇರುವುದು. ಅಲ್ಲಿ ತಾಂತ್ರಿಕ ಶಿಕ್ಷಣ ಇಲಾಖೆ ನಿಗದಿಪಡಿಸಿದ ಪಠ್ಯಕ್ರಮ ಇರುತ್ತದೆ. ಯಾವ ವಿಷಯ ಓದಬೇಕೆಂದು ಹುಡುಗ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಪರೀಕ್ಷೆ, ಒಂದು ರ‍್ಯಾಂಕ್ ಪಟ್ಟಿ, ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆಯೂ ಇಲ್ಲ, ರ‍್ಯಾಂಕೂ ಇಲ್ಲ. ಟ್ರಾನ್ಸ್‌ಫರ್ ಅರ್ಜಿಗೆ ಎಸ್‌ಎಟಿ ಅಂಕ ಬೇಕಿಲ್ಲ, ಪ್ರೌಢಶಾಲೆಯ ಅಂಕಗಳ ಮೇಲೆ ಸಾಮಾನ್ಯವಾಗಿ ತೀರ್ಮಾನ ನಿಲ್ಲುವುದಿಲ್ಲ. ಬದಲಿಗೆ 116 ಕಮ್ಯುನಿಟಿ ಕಾಲೇಜುಗಳಲ್ಲಿ ಪ್ರತಿಯೊಂದೂ ತನ್ನ ಕೋರ್ಸುಗಳನ್ನು ತಾನೇ ರೂಪಿಸಿಕೊಂಡಿದೆ. ಯುಸಿಯ ಒಂಬತ್ತು ಪದವಿ ಕ್ಯಾಂಪಸ್‌ಗಳು ಮತ್ತು ಕ್ಯಾಲ್ ಸ್ಟೇಟ್‌ನ 20ಕ್ಕೂ ಹೆಚ್ಚು ಕ್ಯಾಂಪಸ್‌ಗಳು, ಪ್ರತಿ ಮೇಜರ್‌ಗೂ (ಪದವಿಯ ಮುಖ್ಯ ವಿಷಯಕ್ಕೂ) ಬೇರೆ ಬೇರೆಯಾಗಿ, ಈ ಕೋರ್ಸು ನಮ್ಮ ಆ ಕೋರ್ಸಿಗೆ ಸಮ ಎಂದು ಒಪ್ಪಂದ ಮಾಡಿಕೊಂಡಿವೆ. ಇಂಥ ಒಪ್ಪಂದಗಳೆಲ್ಲ ಅಸಿಸ್ಟ್ ಎಂಬ ಅಧಿಕೃತ ಜಾಲತಾಣದಲ್ಲಿ ಸಿಗುತ್ತವೆ. ಯಾವ ಕಾಲೇಜಿನಿಂದ, ಯಾವ ಕ್ಯಾಂಪಸ್‌ಗೆ, ಯಾವ ಮೇಜರ್ ಎಂದು ಮೂರು ಆಯ್ಕೆ ಮಾಡಿದರೆ ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಕಮ್ಯುನಿಟಿ ಕಾಲೇಜಿನ ಕೋರ್ಸು ತೆರೆದುಕೊಳ್ಳುತ್ತದೆ. ಬಲಗಡೆ ಸಮಾನ ಕೋರ್ಸು ಇಲ್ಲ ಎಂದಿದ್ದರೆ, ನೀವೆಷ್ಟೇ ಒಳ್ಳೆಯ ಅಂಕ ತೆಗೆದರೂ ಆ ಕೋರ್ಸನ್ನು ಅಲ್ಲಿಗೆ ಹೋದ ಮೇಲೆಯೇ ಓದಬೇಕು. ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಈ ಪುಟವನ್ನು; ಕಾಲೇಜಿನ ಬಣ್ಣಬಣ್ಣದ ಮಾಹಿತಿ ಪುಸ್ತಿಕೆಗೆ ಎರಡನೆಯ ಸ್ಥಾನ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ತೆಗೆದುಕೊಳ್ಳುತ್ತೇನೆ. ಡಿ ಆಂಜಾದಲ್ಲಿ ಓದಿ, ರಸಾಯನಶಾಸ್ತ್ರ ಅಥವಾ ಜೀವರಸಾಯನಶಾಸ್ತ್ರಕ್ಕೆಂದು ಯುಸಿಗೆ ಹೋಗಬಯಸುವ ವಿದ್ಯಾರ್ಥಿನಿ ಇದ್ದಾಳೆ ಎನ್ನೋಣ. ಆಕೆ ಮೊದಲು ಸಾಮಾನ್ಯ ರಸಾಯನಶಾಸ್ತ್ರದ ಮೂರು ಕೋರ್ಸು, ಅಂದರೆ ಕೆಮ್ 1ಎ, 1ಬಿ, 1ಸಿ ಮುಗಿಸಬೇಕು. ಅದಾದ ಮೇಲಷ್ಟೇ ಸಾವಯವ ರಸಾಯನಶಾಸ್ತ್ರದ 12ಎ, 12ಬಿ, 12ಸಿ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೆಸರು ಹಚ್ಚುವಂತಿಲ್ಲ. ಡಿ ಆಂಜಾ ಕ್ವಾರ್ಟರ್ ಪದ್ಧತಿಯ ಕಾಲೇಜು, ವರ್ಷಕ್ಕೆ ಮೂರು ಕ್ವಾರ್ಟರ್. ಆರು ಕೋರ್ಸು ಒಂದರ ಹಿಂದೊಂದು ಬಂದರೆ ಬೇಸಿಗೆ ಬಿಟ್ಟು ಸರಿಯಾಗಿ ಎರಡು ವರ್ಷ, ಒಂದು ದಿನವೂ ಉಳಿಯುವುದಿಲ್ಲ. ಇನ್ನು ಕೆಮ್ 1ಎ ಸೇರಲು ಬೇಕಾದ ಪೂರ್ವಸಿದ್ಧತೆಯನ್ನು ತೋರಿಸಲು ಆಗದೆ ಹೋದರೆ, ಅಥವಾ ಮೊದಲ ಸೆಪ್ಟೆಂಬರಿನಲ್ಲಿ ಆ ತರಗತಿ ತುಂಬಿ ವೇಟ್‌ಲಿಸ್ಟ್‌ನಲ್ಲಿ ಉಳಿದುಬಿಟ್ಟರೆ, ಇಡೀ ಸರಪಳಿ ಒಂದು ಕ್ವಾರ್ಟರ್ ಜಾರುತ್ತದೆ. ಯುಸಿಯ ಬಹುಪಾಲು ಕ್ಯಾಂಪಸ್‌ಗಳು ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ ಮಾತ್ರ ತೆಗೆದುಕೊಳ್ಳುವುದರಿಂದ ಒಂದು ಕ್ವಾರ್ಟರಿನ ಜಾರುವಿಕೆಯನ್ನು ಬೇಸಿಗೆಯಲ್ಲಿ ತುಂಬಿಕೊಳ್ಳಬೇಕು, ಇಲ್ಲವೆ ಒಂದು ಪೂರ್ತಿ ವರ್ಷ ಕಳೆದುಕೊಳ್ಳಬೇಕು. ಇದರ ಪಕ್ಕದಲ್ಲೇ ಕ್ಯಾಲ್ಕುಲಸ್‌ನ ಸಾಲು, ಭೌತಶಾಸ್ತ್ರದ ಸಾಲು, ಜೀವಶಾಸ್ತ್ರದ ಮೂರು ಕೋರ್ಸು. ಕ್ಯಾಲ್ಕುಲಸ್ ತೊಡಗದೆ ಇಂಜಿನಿಯರಿಂಗ್ ಭೌತಶಾಸ್ತ್ರ ತೊಡಗಲಾಗದು. ಮೊದಲ ಕ್ವಾರ್ಟರನ್ನು ಒಗ್ಗಿಕೊಳ್ಳಲು ಎಂದು ಹಗುರ ಕೋರ್ಸುಗಳಲ್ಲಿ ಕಳೆದ ವಿದ್ಯಾರ್ಥಿ ಮೂರನೆಯ ವರ್ಷವೂ ಕಮ್ಯುನಿಟಿ ಕಾಲೇಜಿನಲ್ಲೇ ಉಳಿಯುವುದು ಹೀಗೆ. ಸೋಮಾರಿತನ ಕಾರಣವಲ್ಲ, ಸರಪಳಿಯ ಉದ್ದವನ್ನು ಯಾರೂ ಅವನ ಮುಂದೆ ಅಳೆದು ತೋರಿಸಿರಲಿಲ್ಲ.

ಇದೇ ಕಾರಣಕ್ಕೆ, ಒಂದು ಸರಣಿಯನ್ನು ಅರ್ಧ ಒಂದು ಕಾಲೇಜಿನಲ್ಲಿ, ಅರ್ಧ ಇನ್ನೊಂದರಲ್ಲಿ ಮಾಡಬೇಡಿ. ಓಲೋನಿ ಸೆಮಿಸ್ಟರ್ ಪದ್ಧತಿಯದು, ಡಿ ಆಂಜಾ ಮತ್ತು ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು. ಕೋರ್ಸಿನ ಗಾತ್ರವನ್ನು ಅಳೆಯುವುದು ಯೂನಿಟ್‌ಗಳಲ್ಲಿ; ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಸಮ. ಮೂರು ಕ್ವಾರ್ಟರ್ ಕೋರ್ಸು ಸೇರಿದರೆ ಮಾತ್ರ ಅಲ್ಲಿಯ ಎರಡು ಸೆಮಿಸ್ಟರ್ ಕೋರ್ಸಿಗೆ ಸಮ ಎಂಬ ಬಗೆಯ ಒಪ್ಪಂದಗಳು ಹಲವಿವೆ. ಮೂರರಲ್ಲಿ ಎರಡನ್ನು ಮುಗಿಸಿದವನಿಗೆ ಮೂರರಲ್ಲೆರಡು ಪಾಲು ಮಾನ್ಯತೆ ಸಿಗುವುದಿಲ್ಲ, ಕೆಲವೊಮ್ಮೆ ಏನೂ ಸಿಗುವುದಿಲ್ಲ.

ಮೇಜರ್‌ಗೆ ಬೇಕಾದ ಈ ಸಿದ್ಧತೆಯ ಜೊತೆಗೆ ಸಾಮಾನ್ಯ ಶಿಕ್ಷಣದ ಕೋರ್ಸುಗಳಿವೆ: ಇಂಗ್ಲಿಷ್ ಬರವಣಿಗೆ, ಗಣಿತ, ಕಲೆ, ಸಮಾಜವಿಜ್ಞಾನ, ಪ್ರಯೋಗಾಲಯವಿರುವ ವಿಜ್ಞಾನ ಇತ್ಯಾದಿ. ಯುಸಿಗೊಂದು, ಕ್ಯಾಲ್ ಸ್ಟೇಟ್‌ಗೊಂದು ಎಂದು ಬಹುಕಾಲ ಬೇರೆ ಬೇರೆ ಮಾದರಿಗಳಿದ್ದವು. 2021ರ ಒಂದು ಕಾನೂನಿನ ಫಲವಾಗಿ 2025ರ ಶರತ್ಕಾಲದಿಂದ ಎರಡಕ್ಕೂ ಕ್ಯಾಲ್-ಗೆಟ್‌ಸಿ ಎಂಬ ಒಂದೇ ಮಾದರಿ ಬಂದಿದೆ. 11 ಕೋರ್ಸು, 34 ಸೆಮಿಸ್ಟರ್ ಯೂನಿಟ್. ಮೊದಲು ಜನರಲ್ ಎಜುಕೇಶನ್ ಮುಗಿಸಿಬಿಡು, ಮೇಜರ್ ಆಮೇಲೆ ನೋಡೋಣ ಎಂಬ ಸಲಹೆಯನ್ನು ನಿಮ್ಮ ಮಕ್ಕಳು ಖಂಡಿತ ಕೇಳುತ್ತಾರೆ. ಇತಿಹಾಸಕ್ಕೊ ಸಮಾಜಶಾಸ್ತ್ರಕ್ಕೊ ಹೋಗುವವರಿಗೆ ಅದರಿಂದ ತೊಂದರೆಯಿಲ್ಲ. ಇಂಜಿನಿಯರಿಂಗ್‌ಗೆ ಹೋಗುವವರಿಗೆ ಮತ್ತು ಮೂಲವಿಜ್ಞಾನದ ಹಲವು ಮೇಜರ್‌ಗಳಿಗೆ ಅದು ಕೆಟ್ಟ ಸಲಹೆ. ಅಲ್ಲಿ ಆಯ್ಕೆ ಸಮಿತಿ ಮೊದಲು ನೋಡುವುದು ಕ್ಯಾಲ್ಕುಲಸ್, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಸರಣಿಗಳು ಮುಗಿದಿವೆಯೇ ಎಂಬುದನ್ನು. ಉಳಿದ ಕಲೆ, ಮಾನವಿಕ ಕೋರ್ಸುಗಳನ್ನು ಅಲ್ಲಿಗೆ ಹೋದ ಮೇಲೂ ಮಾಡಿಕೊಳ್ಳಬಹುದು.

ಯುಸಿಯ ಕನಿಷ್ಠ ಅರ್ಹತೆ ಹೇಳಲು ಸುಲಭ: ವರ್ಗವಾಗಬಲ್ಲ 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್, ನಿಗದಿತ ಏಳು ಕೋರ್ಸುಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ದರ್ಜೆ, ರಾಜ್ಯದ ನಿವಾಸಿಗಳಿಗೆ 2.4 ಜಿಪಿಎ (ದರ್ಜೆಗಳ ಸರಾಸರಿ), ಹೊರಗಿನವರಿಗೆ 2.8. ಇದು ಅರ್ಜಿ ಹಾಕಲು ಸಾಲುತ್ತದೆ. ಬೇಡಿಕೆಯ ಮೇಜರ್‌ಗಳಲ್ಲಿ ಸೀಟು ಸಿಗಲು ಇದರಿಂದ ಬಹಳ ಮೇಲಿರಬೇಕು. ಇಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಊರಿನ ಇಂಪ್ರೂವ್‌ಮೆಂಟ್ ಪರೀಕ್ಷೆಯ ರೂಢಿಯಲ್ಲಿ, ಸಿ ಬಂದ ಕೋರ್ಸನ್ನು ಮತ್ತೊಮ್ಮೆ ಓದಿ ಎ ಮಾಡಿಕೊಳ್ಳಬಹುದೆಂದು ಭಾವಿಸುತ್ತಾರೆ. ಸಿ ಅಥವಾ ಅದಕ್ಕಿಂತ ಮೇಲಿನ ದರ್ಜೆ ಬಂದ ಕೋರ್ಸಿನ ಮರುಓದನ್ನು ಯುಸಿ ತನ್ನ ಜಿಪಿಎ ಲೆಕ್ಕಕ್ಕೆ ಸೇರಿಸುವುದಿಲ್ಲ. ತೀರಾ ಕಷ್ಟವಾಗುತ್ತಿರುವ ಕೋರ್ಸಿನಿಂದ ಗಡುವಿನೊಳಗೆ ಹಿಂದೆ ಸರಿದು ಡಬ್ಲ್ಯು ಹಾಕಿಸಿಕೊಳ್ಳುವುದು ಕೆಲವೊಮ್ಮೆ ಅದಕ್ಕಿಂತ ವಾಸಿ; ಆದರೆ ಪ್ರತಿ ಕ್ವಾರ್ಟರಿನಲ್ಲೂ ಒಂದೊಂದು ಡಬ್ಲ್ಯು ಇದ್ದರೆ ಅರ್ಜಿ ಓದುವವರ ಹುಬ್ಬು ಮೇಲೇರುತ್ತದೆ. ಮತ್ತೊಂದು ಸಂಗತಿ, ಕಮ್ಯುನಿಟಿ ಕಾಲೇಜಿನಿಂದ ಎಷ್ಟೇ ಯೂನಿಟ್ ತಂದರೂ ಪದವಿಯ ಲೆಕ್ಕಕ್ಕೆ ಸಲ್ಲುವುದು ಗರಿಷ್ಠ 70 ಸೆಮಿಸ್ಟರ್ ಯೂನಿಟ್; ಅದರ ಮೇಲಿನ ಕೋರ್ಸಿಗೆ ವಿಷಯದ ಮಾನ್ಯತೆ ಉಂಟು, ಯೂನಿಟ್ ಇಲ್ಲ.

ಇನ್ನು ಭರವಸೆಯ ಯೋಜನೆ, ಎಲ್ಲರೂ ಟ್ಯಾಗ್ ಎಂದು ಕರೆಯುವುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯುಸಿ ಕ್ಯಾಂಪಸ್‌ಗಳು ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಿಗೆ, ನಿಗದಿಪಡಿಸಿದ ಜಿಪಿಎ ಮತ್ತು ಕೋರ್ಸುಗಳನ್ನು ಮುಗಿಸಿದರೆ ಸೀಟು ಖಚಿತ ಎಂದು ಮೊದಲೇ ಬರೆದುಕೊಡುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿ ಈ ಯೋಜನೆ ಇಲ್ಲ. ಭರವಸೆ ಕೊಡುವ ಕ್ಯಾಂಪಸ್‌ಗಳಲ್ಲೂ ಹಲವು ಕಡೆ ಕಂಪ್ಯೂಟರ್ ಸೈನ್ಸ್ ಮತ್ತು ಇಂಜಿನಿಯರಿಂಗ್‌ನ ವಿಭಾಗಗಳನ್ನು ಹೊರಗಿಟ್ಟಿದ್ದಾರೆ, ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನಮ್ಮ ಮನೆಗಳಲ್ಲಿ ಹತ್ತರಲ್ಲಿ ಏಳೆಂಟು ಮಕ್ಕಳು ಕಂಪ್ಯೂಟರ್ ಸೈನ್ಸ್ ಎನ್ನುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ: ಟ್ಯಾಗ್ ಇದೆಯಲ್ಲ ಎಂಬ ನೆಮ್ಮದಿ ನಿಮ್ಮ ಮಗುವಿನ ಮೇಜರ್‌ಗೆ ಅನ್ವಯಿಸದೆ ಇರಬಹುದು. ಇನ್ನೊಂದು ಮುಖವೂ ಉಂಟು. ಗಣಿತ, ಅಂಕಿಅಂಶಶಾಸ್ತ್ರ, ಅರ್ಥಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಆಸಕ್ತಿಯಿರುವ ಮಗುವಿಗೆ ಡೇವಿಸ್‌ನಂಥ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಬರಹದ ಮೂಲಕ ಖಚಿತವಾದ ಜಾಗ ಸಿಗುವಾಗ, ಅದನ್ನು ಬರ್ಕ್ಲಿ ಸಿಗದವರ ಸಮಾಧಾನದ ಬಹುಮಾನವೆಂದು ಕಾಣುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅವಿವೇಕ. ಟ್ಯಾಗ್ ಹಾಕಿದವರು ಬರ್ಕ್ಲಿಗೂ ಸಾಮಾನ್ಯ ಅರ್ಜಿ ಹಾಕಬಹುದು. ಒಂದು ಇನ್ನೊಂದನ್ನು ತಡೆಯುವುದಿಲ್ಲ.

ಕ್ಯಾಲ್ ಸ್ಟೇಟ್‌ನ ದಾರಿ ಇದಕ್ಕಿಂತ ಸರಳ. 2010ರಲ್ಲಿ ಬಂದ ಕಾನೂನಿನಂತೆ ಟ್ರಾನ್ಸ್‌ಫರ್‌ಗೆಂದೇ ರೂಪಿಸಿದ ಅಸೋಸಿಯೇಟ್ ಪದವಿಯನ್ನು 60 ಸೆಮಿಸ್ಟರ್ ಯೂನಿಟ್‌ಗಳಲ್ಲಿ ಮುಗಿಸಿದವರಿಗೆ ಆ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಚಿತ, ಅಲ್ಲಿ ಇನ್ನು 60 ಯೂನಿಟ್‌ಗಳಲ್ಲಿ ಪದವಿ. ಎಲ್ಲಾದರೂ ಒಂದು ಕಡೆ ಎಂಬ ಮಾತನ್ನು ಗಮನಿಸಿ. ಸ್ಯಾನ್ ಹೊಸೆ ಸ್ಟೇಟ್‌ನಲ್ಲೇ, ನೀವು ಬಯಸಿದ ಮೇಜರ್‌ನಲ್ಲೇ ಎಂದಲ್ಲ. ಖಾಸಗಿ ವಿಶ್ವವಿದ್ಯಾಲಯಗಳ ಬಗ್ಗೆ ಒಂದೇ ಮಾತು: ದಕ್ಷಿಣ ಕ್ಯಾಲಿಫೋರ್ನಿಯಾದ ಯುಎಸ್‌ಸಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತದೆ, ನಮ್ಮ ಪಕ್ಕದ ಸ್ಟ್ಯಾನ್‌ಫರ್ಡ್ ಬಹಳ ಕಡಿಮೆ.

ಪ್ರೌಢಶಾಲೆಯಲ್ಲಿದ್ದಾಗಲೇ ಫುಟ್‌ಹಿಲ್‌ನಲ್ಲೊ ಮಿಷನ್ ಕಾಲೇಜಿನಲ್ಲೊ ಕೋರ್ಸು ತೆಗೆದುಕೊಳ್ಳುವ ಮಕ್ಕಳ ಪೋಷಕರು ಈ ಸಭೆಯಲ್ಲಿ ಹಲವರಿದ್ದೀರಿ. ಪ್ರೌಢಶಾಲೆ ಮುಗಿಯುವುದರೊಳಗೆ ಎಷ್ಟೇ ಯೂನಿಟ್ ಸಂಪಾದಿಸಿದರೂ ಆ ಮಗು ಮೊದಲ ವರ್ಷದ ಅರ್ಜಿದಾರನೇ ಹೊರತು ಟ್ರಾನ್ಸ್‌ಫರ್ ಅರ್ಜಿದಾರನಲ್ಲ. ಪ್ರೌಢಶಾಲೆ ಮುಗಿಸಿ, ಬೇಸಿಗೆ ದಾಟಿ, ಕಾಲೇಜಿನ ನಿಯಮಿತ ಅವಧಿಗೆ ಸೇರಿದ ಮೇಲೆ ಗುರುತು ಬದಲಾಗುತ್ತದೆ. ಬೇಡವೆನಿಸಿದರೆ ಮತ್ತೆ ಮೊದಲ ವರ್ಷದ ಸಾಲಿಗೆ ಹಿಂದಿರುಗಲು ಬರುವುದಿಲ್ಲ. ಹದಿನಾರರ ಮಗು ಕುತೂಹಲಕ್ಕೆ ಸೇರಿ ತೆಗೆದುಕೊಂಡ ಡಿ ದರ್ಜೆಯೂ ಕಾಲೇಜಿನ ಶಾಶ್ವತ ದಾಖಲೆ ಎಂಬುದನ್ನು ಅನೇಕರು ತಡವಾಗಿ ಅರಿಯುತ್ತಾರೆ.

ಹಣದ ಮಾತು. 1984ರವರೆಗೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಶುಲ್ಕವೇ ಇರಲಿಲ್ಲ. 2012ರಿಂದ ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್. ಡಿ ಆಂಜಾ ಲೆಕ್ಕದಲ್ಲಿ ಕ್ವಾರ್ಟರ್ ಯೂನಿಟ್‌ಗೆ 31. ವರ್ಷಕ್ಕೆ 45 ಯೂನಿಟ್ ಓದಿದರೆ 1,395 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕಗಳು. ಮೊದಲ ಬಾರಿಗೆ ಪೂರ್ಣಾವಧಿ ಸೇರುವವರಿಗೆ ಒಂದು ವರ್ಷ ಇದನ್ನೂ ಮನ್ನಾ ಮಾಡಲು 2017ರ ಕಾನೂನು ಕಾಲೇಜುಗಳಿಗೆ ಅವಕಾಶ ಕೊಟ್ಟಿತು, 2019ರ ಕಾನೂನು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿತು. ಯುಸಿಯಲ್ಲಿ ನಿವಾಸಿಗಳ ವಾರ್ಷಿಕ ಶುಲ್ಕವೇ 14 ಸಾವಿರ ಡಾಲರ್ ಮೀರಿದೆ. ವಸತಿ, ಊಟ ಸೇರಿದರೆ ಅದರ ಎರಡು ಮೂರು ಪಟ್ಟು. ಅಂದರೆ ಎರಡು ವರ್ಷ ಮನೆಯಿಂದ ಓದುವ ಉಳಿತಾಯ ದೊಡ್ಡದು. ಆದರೆ ಕೋರ್ಸು ಹೊಂದದೆ ಒಂದು ವರ್ಷ ಹೆಚ್ಚಿಗೆ ಓದಬೇಕಾಗಿ ಬಂದರೆ, ಆ ವರ್ಷದ ಸಂಪಾದನೆಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಉಳಿತಾಯದಲ್ಲಿ ಬಹಳವೇನೂ ಉಳಿಯುವುದಿಲ್ಲ.

ಎಚ್-1ಬಿ ಉದ್ಯೋಗ ವೀಸಾದ ಮೇಲಿರುವ ಮನೆಗಳಿಗೆ ಇನ್ನೊಂದು ಚಿಂತೆ ಇದೆ, ಅದನ್ನು ಇಂಗ್ಲಿಷಿನಲ್ಲಿ ನಡೆಯುವ ಮಾಹಿತಿ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಅವಲಂಬಿತರ ಎಚ್-4 ವೀಸಾದಲ್ಲಿರುವ ಮಗು ವೀಸಾ ಬದಲಿಸದೆಯೇ ಓದಬಹುದು, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವುದಕ್ಕೆ ದಾಖಲೆಯಿದ್ದರೆ ನಿವಾಸಿಯ ಶುಲ್ಕಕ್ಕೂ ಅರ್ಹನಾಗಬಹುದು. ಕೇಂದ್ರ ಸರ್ಕಾರದ ಧನಸಹಾಯ ಮಾತ್ರ ಸಿಗದು. ತೊಡಕು ಬರುವುದು 21 ತುಂಬಿ ಎಚ್-4 ಮುಗಿಯುವಾಗ. ಗ್ರೀನ್ ಕಾರ್ಡ್ ಸರದಿಯಲ್ಲಿ ಭಾರತೀಯರು ಕಾಯುವ ಕಾಲ ಎಲ್ಲರಿಗೂ ಗೊತ್ತೇ ಇದೆ. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜು ಸೇರಿ, ಇಪ್ಪತ್ತು ಇಪ್ಪತ್ತೊಂದಕ್ಕೆ ವಿಶ್ವವಿದ್ಯಾಲಯಕ್ಕೆ ದಾಟುವ ಮಗುವಿಗೆ ವೀಸಾದ ಗಡಿಯೂ ಟ್ರಾನ್ಸ್‌ಫರ್‌ನ ಗಡಿಯೂ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಬಂದು ನಿಲ್ಲುತ್ತವೆ. ಎಚ್-4 ಮುಗಿದು ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾದರೆ ನಿವಾಸಿ ಎಂಬ ಮಾನ್ಯತೆ ಉಳಿಯುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ, ಅದು ಹೋದರೆ ಯುಸಿಯಲ್ಲಿ ವರ್ಷಕ್ಕೆ 30 ಸಾವಿರ ಡಾಲರಿಗೂ ಮೇಲ್ಪಟ್ಟ ಹೆಚ್ಚುವರಿ ಶುಲ್ಕ ಬೀಳುತ್ತದೆ. ಆದ್ದರಿಂದ ಹುಟ್ಟಿದ ದಿನಾಂಕವನ್ನೂ ಟ್ರಾನ್ಸ್‌ಫರ್ ದಿನಾಂಕವನ್ನೂ ಒಂದೇ ಕಾಗದದ ಮೇಲೆ ಬರೆದುಕೊಂಡು, ವಲಸೆ ವಕೀಲರನ್ನೂ ಹೋಗಬೇಕೆಂದಿರುವ ಕ್ಯಾಂಪಸ್‌ನ ನಿವಾಸ ನಿರ್ಣಯ ಕಚೇರಿಯನ್ನೂ ಪ್ರೌಢಶಾಲೆಯ ಕೊನೆಯ ವರ್ಷದಲ್ಲೇ ವಿಚಾರಿಸಿ. ಬೆಂಗಳೂರು, ಮೈಸೂರುಗಳಿಂದ ನೇರವಾಗಿ ಎಫ್-1 ಮೇಲೆ ಇಲ್ಲಿಯ ಕಮ್ಯುನಿಟಿ ಕಾಲೇಜಿಗೆ ಮಕ್ಕಳನ್ನು ಕಳುಹಿಸುವ ಬಂಧುಗಳು ಕೇಳಿದರೆ, ಅವರಿಗೂ ಟ್ಯಾಗ್ ಉಂಟು, ಆದರೆ ಮೇಲೆ ಹೇಳಿದ 46 ಡಾಲರ್ ಅವರ ದರವಲ್ಲ ಎಂದು ಸ್ಪಷ್ಟವಾಗಿ ತಿಳಿಸಿ.

ದಾಟಿದ ಮೇಲಿನ ಮೊದಲ ಅವಧಿಯಲ್ಲಿ ಅಂಕ ಕುಸಿಯುವುದು ಸಾಮಾನ್ಯ. ಸಂಶೋಧಕ ಜಾನ್ ಹಿಲ್ಸ್ 1965ರಲ್ಲೇ ಇದನ್ನು ದಾಖಲಿಸಿ, ಟ್ರಾನ್ಸ್‌ಫರ್ ಆಘಾತವೆಂಬ ಹೆಸರನ್ನು ಚಲಾವಣೆಗೆ ತಂದರು. ಬಹುಪಾಲು ವಿದ್ಯಾರ್ಥಿಗಳು ಬೇಗ ಚೇತರಿಸಿಕೊಳ್ಳುತ್ತಾರೆ. ಮೂವತ್ತು ನಲವತ್ತು ಮಂದಿಯ ತರಗತಿಯಿಂದ ನೂರಾರು ಮಂದಿಯ ಸಭಾಂಗಣಕ್ಕೆ, ಹತ್ತು ವಾರದ ಕ್ವಾರ್ಟರಿನಲ್ಲಿ ಮೂರನೆಯ ವಾರಕ್ಕೇ ಮಿಡ್‌ಟರ್ಮ್ ಇರುವ ಮೇಲ್ದರ್ಜೆಯ ಕೋರ್ಸುಗಳಿಗೆ ಒಮ್ಮೆಲೇ ಬಿದ್ದವರಿಗೆ ಹೀಗಾಗುವುದು ಸಹಜ. ಕಮ್ಯುನಿಟಿ ಕಾಲೇಜಿನ ಜಿಪಿಎ ಅಲ್ಲಿಗೆ ಬರುವುದಿಲ್ಲ. ಸೊನ್ನೆಯಿಂದ ಹೊಸ ಲೆಕ್ಕ. ಅಂಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸಮಯದ ಅಭಾವ. ನಾಲ್ಕು ವರ್ಷ ಅಲ್ಲೇ ಇರುವವನಿಗೆ ಪ್ರಾಧ್ಯಾಪಕರ ಪರಿಚಯ, ಪ್ರಯೋಗಾಲಯದ ಅವಕಾಶ, ಗೆಳೆಯರ ಬಳಗ ಎಲ್ಲವೂ ಎರಡು ವರ್ಷದಲ್ಲಿ ನಿಧಾನವಾಗಿ ಕೂಡಿಬಂದಿರುತ್ತವೆ. ಟ್ರಾನ್ಸ್‌ಫರ್ ವಿದ್ಯಾರ್ಥಿ ಸೆಪ್ಟೆಂಬರಿನಲ್ಲಿ ಸೇರಿ, ದಾರಿ ಪರಿಚಯವಾಗುವ ಮೊದಲೇ ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಬೇಕಾಗುತ್ತದೆ. ಇಲ್ಲಿರುವಾಗಲೇ ಒಬ್ಬಿಬ್ಬರು ಅಧ್ಯಾಪಕರ ಜೊತೆ ಒಡನಾಟ ಬೆಳೆಸಿಕೊಂಡವರಿಗೆ ಆ ಹೊತ್ತಿನಲ್ಲಿ ಶಿಫಾರಸು ಬರೆಯುವವರಾದರೂ ಇರುತ್ತಾರೆ.

ವ್ಯವಸ್ಥೆ ತನ್ನನ್ನು ತಿದ್ದಿಕೊಳ್ಳುತ್ತಿದೆ, ನಿಧಾನವಾಗಿ. ಫ್ಲಾರಿಡಾದಲ್ಲಿ 1970ರ ದಶಕದಿಂದಲೂ ಸಾರ್ವಜನಿಕ ಕಾಲೇಜುಗಳ ಕೋರ್ಸುಗಳಿಗೆ ಒಂದೇ ಸಂಖ್ಯಾ ಪದ್ಧತಿ ಇದೆ. ಕ್ಯಾಲಿಫೋರ್ನಿಯಾ 2021ರಲ್ಲಿ ಅದಕ್ಕೆ ಕಾನೂನು ಮಾಡಿ, ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ 2025ರಲ್ಲಿ ಬೆರಳೆಣಿಕೆಯ ಕೋರ್ಸುಗಳಿಂದ ತೊಡಗಿದೆ. ಸಮಾನತೆಯನ್ನು ಪತ್ತೆ ಹಚ್ಚುವ ಹೊರೆಯನ್ನು ಹದಿನೆಂಟರ ಮಕ್ಕಳ ತಲೆಯ ಮೇಲೆ ಇಷ್ಟು ದಶಕ ಹೊರಿಸಿದ್ದು ಅನ್ಯಾಯ ಎಂದೇ ನನ್ನ ಎಣಿಕೆ. ಪುಟಗಟ್ಟಲೆ ನಿಯಮ ಓದಬಲ್ಲ ಇಂಜಿನಿಯರ್ ತಂದೆ ತಾಯಿ ಇರುವ ನಮ್ಮ ಮಕ್ಕಳು ಹೇಗೋ ದಾಟುತ್ತಾರೆ. ಆ ಆಸರೆ ಇಲ್ಲದವರೇ ಶೇ. 21ರ ಹೊರಗೆ ಉಳಿಯುತ್ತಾರೆ.

ಕೊನೆಯದಾಗಿ ದಿನಾಂಕಗಳು. ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ. ಯುಸಿ ಮತ್ತು ಕ್ಯಾಲ್ ಸ್ಟೇಟ್ ಅರ್ಜಿಗಳು ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ; ಕೊನೆಯ ದಿನ ಒಂದೆರಡು ದಿನ ಅತ್ತಿತ್ತ ಆಗುವುದುಂಟು. ಯುಸಿ ಅರ್ಜಿಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಅದರಲ್ಲಿ ಮೇಜರ್‌ಗೆ ಹೇಗೆ ಸಿದ್ಧರಾಗಿದ್ದೀರಿ ಎಂಬುದು ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಕಡ್ಡಾಯ. ಜನವರಿಯಲ್ಲಿ ಶರತ್ಕಾಲದ ದರ್ಜೆಗಳನ್ನೂ ಮುಂದಿನ ಕೋರ್ಸುಗಳನ್ನೂ ಸೇರಿಸಿ ಅರ್ಜಿಯನ್ನು ಪರಿಷ್ಕರಿಸಬೇಕು, ಇದನ್ನು ಮರೆತು ಅವಕಾಶ ಕಳೆದುಕೊಂಡವರಿದ್ದಾರೆ. ಫಲಿತಾಂಶ ಏಪ್ರಿಲ್ ಅಂತ್ಯದೊಳಗೆ, ಒಪ್ಪಿಗೆ ತಿಳಿಸಲು ಜೂನ್ 1, ಅಂತಿಮ ಟ್ರಾನ್ಸ್‌ಕ್ರಿಪ್ಟ್ ತಲುಪಲು ಜುಲೈ 1. ಒಪ್ಪಿಗೆ ಪತ್ರ ಬಂದ ಸಂತೋಷದಲ್ಲಿ ವಸಂತದ ಒಂದು ಕೋರ್ಸನ್ನು ಬಿಟ್ಟುಬಿಟ್ಟರೆ ಅಥವಾ ಅದರಲ್ಲಿ ಡಿ ಬಂದರೆ, ಕೊಟ್ಟ ಸೀಟನ್ನು ವಿಶ್ವವಿದ್ಯಾಲಯ ಹಿಂತೆಗೆದುಕೊಳ್ಳಬಹುದು. ಅನಿವಾರ್ಯವಾಗಿ ಕೋರ್ಸು ಬದಲಿಸಬೇಕಾದರೆ, ಬದಲಿಸುವ ಮೊದಲೇ ಪ್ರವೇಶ ಕಚೇರಿಗೆ ಬರೆದು, ಅವರ ಉತ್ತರವನ್ನು ಕಾದಿಟ್ಟುಕೊಳ್ಳಿ.